ಆಟದ ಕಾರಿಗೆ ಸುಸ್ತಾಯ್ತಾ? ಐದೂವರೆ ವರ್ಷದ ಮಗಳಿಗೆ ನೂಕೋದು, ಎಳೆಯೋದು, ಘರ್ಷಣೆ, ಮ್ಯಾಗ್ನೆಟ್ ಹೇಳ್ಕೊಡೋದು ಹೇಗೆ

ಪ್ರಶ್ನೆ: ನಮ್ಮದು ಕೊಡಗಿನ ಭಾಗಮಂಡಲ ಹತ್ರ ಒಂದು ಚಿಕ್ಕ ಕಾಫಿ ತೋಟ. ಮನೇಲಿ ಮಾತಾಡೋದು ಅರೆಭಾಷೆ, ಈ ಕಡೆಯ ಒಂದು ಕನ್ನಡ. ಮಗಳಿಗೆ ಐದೂವರೆ ವರ್ಷ, ಯುಕೆಜಿ, ಮಗನಿಗೆ ಎರಡೂವರೆ. ಸ್ಕೂಲಿಂದ ಒಂದು ವರ್ಕ್‌ಶೀಟ್ ಕಳ್ಸಿದ್ರು, ಚಿತ್ರ ನೋಡಿ ಪುಷ್ ಅಥವಾ ಪುಲ್ ಅಂತ ಟಿಕ್ ಹಾಕ್ಬೇಕು. ಬಾಗಿಲಿನ ಚಿತ್ರಕ್ಕೆ ಇವಳು ಎರಡಕ್ಕೂ ಟಿಕ್ ಹಾಕಿದ್ಲು, ತಪ್ಪು ಅಂತ ಕೆಂಪು ಗೆರೆ ಬಂತು, ಅವತ್ತಿಂದ ಆ ಶೀಟ್ ಮುಟ್ಟೋದೇ ಇಲ್ಲ. ಆಟದ ಕಾರು ಯಾಕೆ ನಿಂತೋಯ್ತು ಅಂದ್ರೆ ‘ಸುಸ್ತಾಯ್ತು’ ಅಂತಾಳೆ. ಸುಸ್ತಲ್ಲ ಘರ್ಷಣೆ ಅಂದೆ. ಟೀವಿ ನ್ಯೂಸಲ್ಲಿ ಕೇಳಿರ್ಬೇಕು, ‘ಘರ್ಷಣೆ ಅಂದ್ರೆ ಜಗಳ ಅಲ್ವಾ, ಕಾರು ಯಾರ ಜೊತೆ ಜಗಳ ಆಡ್ತು’ ಅಂದ್ಲು, ನನ್ ಹತ್ರ ಉತ್ತರ ಇರ್ಲಿಲ್ಲ. ನಾನು ಓದಿದ್ದು ಆರ್ಟ್ಸ್. ಯಜಮಾನ್ರು ಆನ್‌ಲೈನಲ್ಲಿ 216 ಸಣ್ಣ ಸಣ್ಣ ಮ್ಯಾಗ್ನೆಟ್ ಗುಂಡು ಇರೋ ಬಾಕ್ಸ್ ತರ್ಸಿದ್ದಾರೆ. ಅತ್ತೆ, ಮ್ಯಾಗ್ನೆಟ್ ರಕ್ತದಲ್ಲಿರೋ ಕಬ್ಬಿಣ ಎಳೆಯತ್ತೆ, ಮಕ್ಕಳ ಕೈಗೆ ಕೊಡ್ಬೇಡಿ ಅಂತಾರೆ. ಈ ವಯಸ್ಸಿಗೆ ಇದೆಲ್ಲ ಬೇಕಾ? 3000 ರೂಪಾಯಿ ಸೈನ್ಸ್ ಕಿಟ್ ತಗೊಳ್ಳೋದಾ? ನಾನು ಏನೋ ತಪ್ಪು ಹೇಳ್ಕೊಟ್ಟು ಮಗು ತಲೆ ಕೆಡಿಸ್ತೀನಾ ಅಂತ ಭಯ.

ಉತ್ತರ: ಮೊದ್ಲು ಆ ಬಾಕ್ಸ್ ವಿಷ್ಯ. ಉಳಿದದ್ದು ಆಮೇಲೆ ಓದಿ, ಈಗ ಎದ್ದು ಹೋಗಿ ಆ ಗುಂಡುಗಳನ್ನ ಎಣಿಸಿ. 216 ಇದ್ರೆ ಎಲ್ಲಾನೂ ಒಂದು ಡಬ್ಬಕ್ಕೆ ಹಾಕಿ, ಗಟ್ಟಿ ಮುಚ್ಚಿ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ, ಆಮೇಲೆ ವಾಪಸ್ ಕಳ್ಸಿ. ಕಡಿಮೆ ಬಂದ್ರೆ ಸೋಫಾ ಸಂದಿ, ಕಬ್ಬಿಣದ ಮಂಚದ ಕಾಲು, ಫ್ರಿಜ್ ಕೆಳಗೆ ಎಲ್ಲಾ ಹುಡುಕಿ. ಸಿಗಲಿಲ್ಲ, ಮಗು ನುಂಗಿರಬಹುದು ಅನ್ನೋ ಸಣ್ಣ ಅನುಮಾನ ಬಂತು ಅಂದ್ರೂ ಹೊಟ್ಟೆನೋವು ಬರ್ಲಿ ನೋಡೋಣ ಅಂತ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ ‘ಮ್ಯಾಗ್ನೆಟ್ ನುಂಗಿರಬಹುದು’ ಅಂತ ಬಾಯ್ಬಿಟ್ಟು ಹೇಳಿ ಎಕ್ಸ್‌ರೇ ತೆಗ್ಸಿ. ನಾಣ್ಯ ನುಂಗಿದ್ರೆ ಎಷ್ಟೋ ಸಲ ತಾನಾಗೇ ಹೊರಗೆ ಬರತ್ತೆ, ಮ್ಯಾಗ್ನೆಟ್ ಲೆಕ್ಕ ಬೇರೆ. ಒಂದು ಗುಂಡು ಕರುಳಿನ ಒಂದು ಸುತ್ತಲ್ಲಿ, ಇನ್ನೊಂದು ಗುಂಡು ಪಕ್ಕದ ಸುತ್ತಲ್ಲಿ ಇದ್ರೆ ಎರಡೂ ಒಂದನ್ನೊಂದು ಎಳ್ಕೊಂಡು ಮಧ್ಯೆ ಕರುಳಿನ ಗೋಡೆ ಸಿಕ್ಕಾಕೊಳ್ಳತ್ತೆ, ಅಲ್ಲಿ ರಕ್ತ ಓಡಾಟ ನಿಂತು ತೂತು ಬೀಳತ್ತೆ. ಶುರುವಲ್ಲಿ ಮಾಮೂಲಿ ವಾಂತಿ, ಹೊಟ್ಟೆನೋವು ಇದ್ದ ಹಾಗೇ ಇರತ್ತೆ, ಏನೂ ಇಲ್ದೆನೂ ಇರಬಹುದು. ಬಾಳೆಹಣ್ಣು ತಿನ್ಸೋದು, ಹರಳೆಣ್ಣೆ ಕುಡ್ಸೋದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡ್ಸೋದು ಯಾವ್ದೂ ಬೇಡ. ನಿಮ್ಮಲ್ಲಿಂದ ಮಡಿಕೇರಿಗೇ ಹತ್ತಿರತ್ತಿರ 40 ಕಿಲೋಮೀಟರ್, ಅಲ್ಲಿಂದ ಮೈಸೂರಿಗೋ ಮಂಗಳೂರಿಗೋ ಕಳ್ಸಿದ್ರೆ ಇನ್ನೂ ಮೂರ್ನಾಲ್ಕು ಗಂಟೆ, ಮಳೆಗಾಲದಲ್ಲಿ ಆ ರೋಡು ಹೇಗಿರತ್ತೆ ಅಂತ ನಿಮಗೇ ಗೊತ್ತು. ನಾನು ಹೆದರ್ಸೋಕೆ ಹೇಳ್ತಿಲ್ಲ, ಎರಡೂವರೆ ವರ್ಷದ ಮಗು ಇರೋ ಮನೇಲಿ ಆ ಬಾಕ್ಸ್ ಇರಬಾರದು ಅಷ್ಟೇ. ಅವು ದೊಡ್ಡೋರು ಟೇಬಲ್ ಮೇಲೆ ಇಟ್ಕೊಂಡು ಆಡೋಕೆ ಅಂತ ಮಾರೋದು, ನಿಯೋಡಿಮಿಯಂ ಅನ್ನೋ ಜಾತಿ, ಕಾಳುಮೆಣಸಿನಷ್ಟೇ ಇದ್ರೂ ಎಳೆತ ಭಯಂಕರ. ಆಟಿಕೆ ರಿಮೋಟ್‌ಗಳಲ್ಲಿ ಬರೋ ಬಟನ್ ಸೆಲ್ ಕೂಡ ಇದೇ ಸಾಲಿಗೆ ಸೇರಿಸಿ, ಅದು ಗಂಟಲಲ್ಲಿ ಸಿಕ್ಕಾಕೊಂಡ್ರೆ ಎರಡು ಗಂಟೆ ಒಳಗೇ ಸುಡೋಕೆ ಶುರು ಮಾಡತ್ತೆ.

ಈಗ ಅತ್ತೆಯವರ ಮಾತು. ಮಕ್ಕಳ ಕೈಗೆ ಕೊಡ್ಬೇಡಿ ಅಂದಿದ್ದು ನೂರಕ್ಕೆ ನೂರು ಸರಿ, ಕೊಟ್ಟ ಕಾರಣ ಮಾತ್ರ ಸರಿಯಿಲ್ಲ. ರಕ್ತದಲ್ಲಿ ಕಬ್ಬಿಣ ಇದೆ ನಿಜ, ಆದ್ರೆ ಅದು ಮೊಳೆ ಥರ, ಕಬ್ಬಿಣದ ಪುಡಿ ಥರ ಇಲ್ಲ, ಹಿಮೋಗ್ಲೋಬಿನ್ ಒಳಗೆ ಒಂದೊಂದೇ ಪರಮಾಣುವಾಗಿ ಕೂತಿರತ್ತೆ, ಅದನ್ನ ಮ್ಯಾಗ್ನೆಟ್ ಕಣ್ಣಿಗೆ ಕಾಣೋ ಹಾಗೆ ಎಳೆಯಲ್ಲ. ಎಂಆರ್‌ಐ ಸ್ಕ್ಯಾನ್ ಮೆಷಿನ್ ಒಳಗೆ ಮನುಷ್ಯನ್ನ ಪೂರ್ತಿ ಮಲಗಿಸ್ತಾರಲ್ಲ, ಅದು ಸಾಮಾನ್ಯವಾಗಿ 1.5 ಟೆಸ್ಲಾ ಮ್ಯಾಗ್ನೆಟ್, ಫ್ರಿಜ್ ಬಾಗಿಲಿಗೆ ಹಾಕೋ ಮ್ಯಾಗ್ನೆಟ್‌ಗಿಂತ ಹೆಚ್ಚುಕಮ್ಮಿ ಮುನ್ನೂರು ಪಟ್ಟು ಜೋರು, ಅದ್ರೊಳಗೇ ರಕ್ತ ತನ್ನ ಪಾಡಿಗೆ ಓಡ್ತಿರತ್ತೆ. ಇನ್ನೊಂದು ನಿಜವಾದ ಎಚ್ಚರಿಕೆ ಇದೆ. ಮನೇಲಿ ಯಾರಿಗಾದ್ರೂ ಪೇಸ್‌ಮೇಕರ್ ಹಾಕಿದ್ರೆ ಮ್ಯಾಗ್ನೆಟ್‌ನ ಅವರ ಎದೆಯಿಂದ ಒಂದು ಗೇಣಾದ್ರೂ ದೂರ ಇಡಿ. ಇದನ್ನ ಅತ್ತೆಗೆ ಹೇಳೋವಾಗ ‘ನೀವು ಹೇಳಿದ್ದು ತಪ್ಪು’ ಅಂತ ಶುರು ಮಾಡ್ಬೇಡಿ, ‘ನೀವು ಬೇಡ ಅಂದಿದ್ದು ಒಳ್ಳೇದೇ ಆಯ್ತು’ ಅಂತ ಶುರು ಮಾಡಿ, ಯಾಕಂದ್ರೆ ಅವ್ರು ಬೇಡ ಅಂದಿದ್ದಕ್ಕೇ ತಾನೇ ನೀವು ನನಗೆ ಬರೆದಿದ್ದು.

ಇಷ್ಟು ಚಿಕ್ಕ ವಯಸ್ಸಿಗೆ ಬೇಕಾ ಅಂತ ಕೇಳಿದ್ರಿ. ನಾನು ಪ್ರೈಮರಿ ಟೀಚರ್‌ಗಳಿಗೆ ವಿಜ್ಞಾನ ಹೇಳ್ಕೊಡೋ ಟ್ರೈನಿಂಗ್ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲಿದ್ದೀನಿ, ಈ ಪ್ರಶ್ನೆ ತುಂಬಾ ಸಲ ಬಂದಿದೆ. ಘರ್ಷಣೆ ಅನ್ನೋ ಪದ, ಅದರ ಡೆಫಿನಿಷನ್ ಇವಳಿಗೆ ಈಗ ಖಂಡಿತ ಬೇಡ, ಸ್ಕೂಲ್ ಪುಸ್ತಕದಲ್ಲಿ ಮ್ಯಾಗ್ನೆಟ್ ಪಾಠ ಬರೋದೇ ಆರನೇ ಕ್ಲಾಸಲ್ಲಿ, ಘರ್ಷಣೆ ಎಂಟರಲ್ಲಿ. ಆದ್ರೆ ಆ ಅನುಭವ ಮಾತ್ರ ಅವಳಿಗೆ ಆಗ್ಲೇ ಇದೆ, ಹುಟ್ಟಿದ ವರ್ಷದಿಂದ ಸೇರ್ಸ್ಕೊಂಡು ಬಂದಿದ್ದಾಳೆ. ನೂಪುಟ್ಟು (ಅಕ್ಕಿ ಶಾವಿಗೆ) ಒತ್ತೋವಾಗ ನೀವು ಎಷ್ಟು ಜೋರಾಗಿ ಅದುಮ್ತೀರಿ ಅಂತ ನೋಡಿದ್ದಾಳೆ, ಕರು ಹಗ್ಗ ಜಗ್ಗೋದು ನೋಡಿದ್ದಾಳೆ, ಪಾಚಿ ಹಿಡಿದ ಮೆಟ್ಲ ಮೇಲೆ ಒಂದ್ಸಲವಾದ್ರೂ ಜಾರಿ ಬಿದ್ದಿರ್ತಾಳೆ. ಈ ವಯಸ್ಸಿನ ಮಗು ಮಾಡೋಕಾಗೋದು ಮೂರು ಕೆಲ್ಸ: ಮುಂದೇನಾಗತ್ತೆ ಅಂತ ಊಹೆ ಮಾಡೋದು, ಎರಡನ್ನ ಪಕ್ಕಪಕ್ಕ ಇಟ್ಟು ಜಾಸ್ತಿ ಯಾವ್ದು ಕಡಿಮೆ ಯಾವ್ದು ಅನ್ನೋದು, ನೋಡಿದ್ದನ್ನ ತನ್ನ ಮಾತಲ್ಲಿ ಹೇಳೋದು. ಈ ಮೂರನ್ನ ಬಿಟ್ಟು ನಾವು ಪದ ಬಾಯಿಪಾಠ ಮಾಡ್ಸಕ್ಕೆ ಹೋಗ್ತೀವಿ, ಎಡವಟ್ಟಾಗೋದು ಅಲ್ಲೇ.

ಪದಗಳ ವಿಷ್ಯ ಸ್ವಲ್ಪ ಜಾಸ್ತಿ ಹೇಳ್ತೀನಿ, ನಮ್ಮ ಕನ್ನಡದಲ್ಲೇ ಒಂದು ತೊಡಕಿದೆ, ಟೀಚರ್‌ಗಳೂ ಗಮನಿಸಿರಲ್ಲ. ‘ಬಲ’ ಅಂದ್ರೆ ಮಗುವಿಗೆ ಮೊದ್ಲು ನೆನಪಾಗೋದು ಬಲಗೈ, ಇಲ್ಲಾ ಗಟ್ಟಿಮುಟ್ಟು ಶಕ್ತಿ. ‘ಬಲ ಹಾಕು’ ಅಂದಾಗ ಬಲಗೈಯನ್ನೇ ಮುಂದೆ ಚಾಚಿದ ಹುಡುಗನ್ನ ನಾನು ಕ್ಲಾಸಲ್ಲಿ ನೋಡಿದ್ದೀನಿ. ‘ಘರ್ಷಣೆ’ ಅಂದ್ರೆ ನ್ಯೂಸಲ್ಲಿ ಎರಡು ಗುಂಪುಗಳ ಮಧ್ಯೆ ಹೊಡೆದಾಟ, ನಿಮ್ಮ ಮಗಳು ಕೇಳಿದ್ದು ಬುದ್ಧಿವಂತ ಪ್ರಶ್ನೆ. ಇನ್ನು ಮ್ಯಾಗ್ನೆಟ್‌ಗೆ ನಾವೆಲ್ಲ ‘ಅಂಟತ್ತೆ’ ಅಂತೀವಿ. ಹಲಸಿನ ಮೇಣಕ್ಕೂ ಅದೇ ಮಾತು, ಗೋಂದಿಗೂ ಅದೇ ಮಾತು, ಹಾಗಾಗಿ ಮ್ಯಾಗ್ನೆಟ್ ಮೇಲೆ ಕಣ್ಣಿಗೆ ಕಾಣದ ಗೋಂದು ಇದೆ ಅಂತ ಮಕ್ಕಳು ನಿಜವಾಗ್ಲೂ ನಂಬ್ತಾರೆ, ತೊಳೆದ್ರೆ ಹೋಗತ್ತೆ ಅಂತ ನಲ್ಲಿ ಕೆಳಗೆ ಉಜ್ಜಿದವಳೂ ಇದ್ದಾಳೆ. ‘ಅಂಟ್ತು’ ಬದ್ಲು ‘ಎಳ್ಕೊಳ್ತು’ ಅಂತ ನೀವು ಹೇಳೋಕೆ ಶುರು ಮಾಡಿ ಸಾಕು. ಹಳಬರು ಸೂಜಿಗಲ್ಲು ಅಂತಿದ್ರಲ್ಲ, ಎಷ್ಟು ಚಂದದ ಪದ ನೋಡಿ, ಸೂಜಿ ಎಳೆಯೋ ಕಲ್ಲು, ಪದದಲ್ಲೇ ಪಾಠ ಇದೆ. ಘರ್ಷಣೆಗೆ ಸದ್ಯಕ್ಕೆ ‘ಉಜ್ಜಾಟ’, ‘ಹಿಡಿತ’ ಅನ್ನಿ, ಅರೆಭಾಷೇಲಿ ನೀವು ಏನಂತೀರೋ ಅದನ್ನೇ ಬಳಸಿ, ಮಗು ಯೋಚ್ನೆ ಮಾಡೋದು ಮನೆ ಮಾತಲ್ಲೇ, ಸ್ಕೂಲ್ ಪದ ಆಮೇಲೆ ತಾನಾಗಿ ಬಂದು ಕೂರತ್ತೆ. ಕೊಡವ ತಕ್ಕ್, ಮಲಯಾಳಂ, ತುಳು, ಎರವ ಮಾತಾಡೋ ಮನೆಯವ್ರಿಗೂ ಇದೇ ಹೇಳ್ತೀನಿ.

ಬಾಗಿಲಿಗೆ ಬರೋಣ. ಮಗಳು ಸರಿ. ಹೊರಗಿಂದ ನೂಕಿದ್ರೆ ತೆಗೆಯೋ ಬಾಗಿಲನ್ನ ಒಳಗಿಂದ ಎಳೆದು ತೆಗೀಬೇಕು, ಎರಡಕ್ಕೂ ಟಿಕ್ ಹಾಕಿದ್ದು ಬಾಗಿಲನ್ನ ಎರಡೂ ಕಡೆಯಿಂದ ನೋಡಿದ ಮಗು. ಈ ಥರ ಶೀಟ್‌ಗಳಲ್ಲಿ ಒಂದು ವಸ್ತುವಿಗೆ ಒಂದೇ ಉತ್ತರ ಅನ್ನೋ ಲೆಕ್ಕ ಇರತ್ತೆ, ಪುಷ್ ಆಗ್ಲಿ ಪುಲ್ ಆಗ್ಲಿ ವಸ್ತುವಿನಲ್ಲಿ ಇರೋದಲ್ಲ, ನಾವು ಅದಕ್ಕೆ ಏನ್ ಮಾಡ್ತೀವಿ ಅನ್ನೋದ್ರಲ್ಲಿ ಇರೋದು. ಇವತ್ತು ಸಂಜೆ ಅವಳ ಜೊತೆ ಮನೆಯೆಲ್ಲಾ ಸುತ್ತಿ, ಅವಳು ಒಳಗೆ ನೀವು ಹೊರಗೆ ನಿಂತು ಬಾಗಿಲು ತೆಗೀರಿ, ಯಾರು ನೂಕಿದ್ದು ಯಾರು ಎಳೆದಿದ್ದು ಅಂತ ಅವಳೇ ಹೇಳ್ಲಿ, ಡ್ರಾಯರ್, ಕಿಟಕಿ ಕೊಕ್ಕೆ, ಬಾವಿ ರಾಟೆ ಹಗ್ಗ ಎಲ್ಲಾ ನೋಡಿ. ‘ನಿನ್ನ ಎರಡು ಟಿಕ್ಕೂ ಸರಿ ಇತ್ತು’ ಅಂತ ಸ್ಪಷ್ಟವಾಗಿ ಹೇಳಿ, ಮಗು ಅದನ್ನ ಕೇಳ್ಬೇಕು. ಟೀಚರ್ ಹತ್ರ ಜಗಳಕ್ಕೆ ಹೋಗೋದು ಬೇಡ, ಮೂವತ್ತು ನಲವತ್ತು ಶೀಟ್ ತಿದ್ದೋವಾಗ ಉತ್ತರದ ಕೀ ನೋಡಿ ಗೆರೆ ಎಳೆದಿರ್ತಾರೆ. ‘ಮೇಡಂ, ಇವಳು ಹೀಗೆ ಯೋಚ್ನೆ ಮಾಡಿ ಹಾಕಿದ್ಲಂತೆ’ ಅಂತ ಒಂದು ಸಾಲು ಡೈರೀಲಿ ಬರೆದು ಕಳ್ಸಿ, ನನ್ನ ಅನುಭವದಲ್ಲಿ ಹೆಚ್ಚಿನ ಟೀಚರ್‌ಗಳು ಅದನ್ನ ಒಳ್ಳೇ ರೀತೀಲೇ ತಗೊಳ್ತಾರೆ.

ಇನ್ನು ಸುಸ್ತಾದ ಕಾರು. ಇದು ನಂಗೆ ತುಂಬಾ ಇಷ್ಟವಾದ ಉತ್ತರ, ತಕ್ಷಣ ತಿದ್ದಕ್ಕೆ ಹೋಗ್ಬೇಡಿ. ಗ್ರೀಸಿನ ಅರಿಸ್ಟಾಟಲ್ ಕಾಲದಿಂದ ಸುಮಾರು ಎರಡು ಸಾವಿರ ವರ್ಷ ದೊಡ್ಡ ದೊಡ್ಡ ವಿದ್ವಾಂಸರೇ ಹೆಚ್ಚುಕಮ್ಮಿ ಹೀಗೇ ನಂಬಿದ್ರು, ನೂಕ್ತಾ ಇದ್ರೆ ಚಲಿಸತ್ತೆ, ನೂಕೋದು ನಿಂತ್ರೆ ತಾನೂ ನಿಲ್ಲತ್ತೆ ಅಂತ. 1600ರ ದಶಕಗಳಲ್ಲಿ ಗೆಲಿಲಿಯೋ ಇದನ್ನ ತಿರುಗಿಸಿ ನೋಡಿದ, 1687ರಲ್ಲಿ ನ್ಯೂಟನ್ ನಿಯಮವಾಗಿ ಬರೆದ: ತಡೆಯೋದು ಏನೂ ಇಲ್ದಿದ್ರೆ ಹೋಗ್ತಿರೋದು ಹೋಗ್ತಾನೇ ಇರತ್ತೆ. ಅಂದ್ರೆ ಕಾರು ನಿಂತಿದ್ದು ಒಳಗಿನ ಶಕ್ತಿ ಖಾಲಿಯಾಗಿ ಅಲ್ಲ, ನೆಲ, ಚಕ್ರ, ಚಕ್ರದ ಕಡ್ಡಿ ಒಂದಕ್ಕೊಂದು ಉಜ್ಜಿ ಅದನ್ನ ತಡೆದಿದ್ರಿಂದ. ಇದನ್ನ ಐದು ವರ್ಷದ ಮಗುವಿಗೆ ಬಾಯಲ್ಲಿ ಹೇಳಿದ್ರೆ ತಲೆ ಆಡಿಸತ್ತೆ, ಒಳಗೆ ಹೋಗಲ್ಲ. ಅದರ ಬದ್ಲು ಅವಳ ಮಾತನ್ನೇ ಹಿಡ್ಕೊಂಡು ಇನ್ನೊಂದು ಪ್ರಶ್ನೆ ಹಾಕಿ: ‘ಎಲ್ಲಿ ಬೇಗ ಸುಸ್ತಾಗತ್ತೆ? ಹಾಲ್‌ನ ಟೈಲ್ಸ್ ಮೇಲಾ, ಕಾಫಿ ಒಣಗಿಸೋ ಕಣದ ಸಿಮೆಂಟ್ ಮೇಲಾ, ಗೋಣಿ ಚೀಲದ ಮೇಲಾ?’ ಅವಳು ಊಹೆ ಮಾಡ್ಲಿ, ಆಮೇಲೆ ಬಿಟ್ಟು ನೋಡ್ಲಿ. ಒಂದು ಹಲಗೆಯ ಒಂದು ತುದಿಗೆ ಎರಡು ಪುಸ್ತಕ ಕೊಟ್ಟು ಇಳಿಜಾರು ಮಾಡಿ, ಕಾರನ್ನ ಮೇಲಿಂದ ಬರೀ ಬಿಡ್ಬೇಕು, ನೂಕಬಾರದು, ಇಲ್ಲಾಂದ್ರೆ ಒಂದೊಂದ್ಸಲ ಒಂದೊಂದು ಜೋರು ಆಗಿ ಹೋಲಿಸೋಕಾಗಲ್ಲ. ಎಷ್ಟು ದೂರ ಹೋಯ್ತು ಅಂತ ಅವಳ ಹೆಜ್ಜೇಲೇ ಅಳೀಲಿ. ಗೋಣಿ ಮೇಲೆ ಬೇಗ ನಿಂತಾಗ ‘ಕಾರು ಅದೇ ಅಲ್ವಾ, ಸುಸ್ತು ಮಾತ್ರ ಯಾಕೆ ಬೇಗ ಆಯ್ತು’ ಅಂತ ಕೇಳಿ ಸುಮ್ನಾಗಿ. ಆ ಸುಮ್ನಿರೋದೇ ಕಷ್ಟದ ಭಾಗ, ನಮಗೆ ಉತ್ತರ ಬಾಯಿಗೆ ಬಂದ್ಬಿಡತ್ತೆ. ಒಂದಿನ ಅಲ್ಲಾಂದ್ರೆ ಒಂದು ವಾರ ಬಿಟ್ಟು ‘ಗೋಣಿ ಹಿಡ್ಕೊಳ್ತು’ ಅನ್ನೋ ಥರದ ಮಾತು ಅವಳ ಬಾಯಿಂದಲೇ ಬರತ್ತೆ, ಬಂತು ಅಂದ್ರೆ ಘರ್ಷಣೆ ಪಾಠದ ಮುಕ್ಕಾಲು ಮುಗೀತು ಅಂತ್ಲೇ ಅರ್ಥ.

ನಿಮಗೆ ಮಾತ್ರ ಒಂದು ಸಣ್ಣ ಟೆಕ್ನಿಕಲ್ ಮಾತು. ಕಾರು ಉರುಳೋದು, ಜಾರೋದಲ್ಲ, ಎರಡಕ್ಕೂ ತಡೆ ಬೇರೆ ಬೇರೆ. ಅದಕ್ಕೇ ನೆಲಕ್ಕೆ ಎಣ್ಣೆ ಹಚ್ಚಿದ್ರೆ ಕಾರು ದೂರ ಹೋಗತ್ತೆ ಅಂತಿಲ್ಲ, ಚಕ್ರದ ಕಡ್ಡಿಗೆ ಒಂದು ಹನಿ ಹಾಕಿದ್ರೆ ವ್ಯತ್ಯಾಸ ಕಾಣಬಹುದು. ಉಜ್ಜಾಟ ಶುದ್ಧವಾಗಿ ತೋರ್ಸಕ್ಕೆ ಕಾರಿಗಿಂತ ಬೆಂಕಿಪೊಟ್ಣ, ಸೋಪಿನ ಡಬ್ಬ, ಎಲ್ಲಕ್ಕಿಂತ ಅಡಿಕೆ ಹಾಳೆ ಒಳ್ಳೇದು.

ಹಾಳೆ ಗಾಡಿ ನೀವೂ ಆಡಿರ್ತೀರಿ. ದೊಡ್ಡ ಹಾಳೆ ಮೇಲೆ ಒಬ್ರು ಕೂತು ಇನ್ನೊಬ್ರು ಗರಿ ಹಿಡಿದು ಎಳೆಯೋದು. ನಾನು ನೋಡಿದ ಯಾವ ಕಿಟ್ಟೂ ಇದಕ್ಕೆ ಸಮ ಇಲ್ಲ, ಯಾಕಂದ್ರೆ ಮಗು ಇಲ್ಲಿ ತನ್ನ ತೋಳಲ್ಲೇ, ಬೆನ್ನಲ್ಲೇ ಅಳೀತಾ ಇರತ್ತೆ. ಒದ್ದೆ ಹುಲ್ಲಿನ ಮೇಲೆ ತಮ್ಮನ್ನ ಕೂರ್ಸಿ ಎಳೀಲಿ, ಆಮೇಲೆ ಜಲ್ಲಿ ದಾರೀಲಿ ಎಳೀಲಿ, ಆಮೇಲೆ ತಮ್ಮನ್ನ ಇಳ್ಸಿ ಖಾಲಿ ಹಾಳೆ ಎಳೀಲಿ. ಭಾರ ಜಾಸ್ತಿಯಾದ್ರೆ ಉಜ್ಜಾಟ ಜಾಸ್ತಿ, ನೆಲ ಬದ್ಲಾದ್ರೆ ಉಜ್ಜಾಟ ಬದ್ಲು, ಎರಡೂ ಹತ್ತು ನಿಮಿಷದಲ್ಲಿ ಗೊತ್ತಾಗತ್ತೆ. ಇನ್ನೊಂದನ್ನ ಮಕ್ಕಳು ತಾವೇ ಕಂಡುಹಿಡೀತಾರೆ, ಮೊದ್ಲು ಹೊರಡಿಸೋದೇ ಕಷ್ಟ, ಹೊರಟ ಮೇಲೆ ಎಳೆಯೋದು ಸುಲಭ. ಕಾಫಿ ಮೂಟೆ ಎಳೆಯೋರು ಮೊದ್ಲು ಒಂದು ಜಗ್ಗು ಜಗ್ಗ್ತಾರಲ್ಲ, ಅದಕ್ಕೇ. ಸ್ವಲ್ಪ ದೊಡ್ಡವಳಾದ ಮೇಲೆ, ಏಳೆಂಟು ವರ್ಷಕ್ಕೆ, ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ ಎಳೆದು ಬ್ಯಾಂಡ್ ಎಷ್ಟು ಉದ್ದ ಹಿಗ್ಗಿತು ಅಂತ ಅಳೆಯೋಕೆ ಹೇಳ್ಕೊಡಿ. ಆಗ ಒಂದು ಆಶ್ಚರ್ಯ ಕಾದಿರತ್ತೆ, ಇಟ್ಟಿಗೆಯನ್ನ ಅಗಲ ಮೈ ಕೆಳಗೆ ಮಾಡಿ ಎಳೆದ್ರೂ ಸಣ್ಣ ಮೈ ಕೆಳಗೆ ಮಾಡಿ ಎಳೆದ್ರೂ ಹಿಗ್ಗೋದು ಹತ್ತಿರತ್ತಿರ ಅಷ್ಟೇ. ಲಿಯೊನಾರ್ಡೊ ಡಾ ವಿಂಚಿ ತನ್ನ ನೋಟ್‌ಬುಕ್‌ಗಳಲ್ಲಿ ಇದನ್ನ ಬರೆದಿಟ್ಟು ಪ್ರಕಟ ಮಾಡ್ಲಿಲ್ಲ, ಸುಮಾರು ಇನ್ನೂರು ವರ್ಷ ಆದ್ಮೇಲೆ 1699ರಲ್ಲಿ ಫ್ರಾನ್ಸಿನ ಅಮೊಂಟನ್ ಮತ್ತೆ ಕಂಡುಹಿಡಿದು ಹೇಳಿದ.

ಘರ್ಷಣೆ ಕೆಟ್ಟದ್ದು, ಅದು ಎಲ್ಲಾನೂ ನಿಲ್ಸತ್ತೆ ಅನ್ನೋ ಅಭಿಪ್ರಾಯ ಮಕ್ಕಳಲ್ಲಿ ಬೇಗ ಕೂತ್ಬಿಡತ್ತೆ, ಅದನ್ನ ಒಡೆಯೋಕೆ ಕೊಡಗಿನ ಮಳೆಗಾಲಕ್ಕಿಂತ ಒಳ್ಳೇ ಟೀಚರ್ ಇಲ್ಲ. ಅಂಗಳದಲ್ಲಿ ಪಾಚಿ ಕಟ್ಟಿದ್ರೆ ಯಾಕೆ ಉಜ್ಜಿ ಬ್ಲೀಚಿಂಗ್ ಪೌಡರ್ ಹಾಕ್ತೀವಿ? ಹಿಡಿತ ಇಲ್ಲ ಅಂತ. ಜೀಪಿನ ಟೈರಿಗೆ ಯಾಕೆ ಚೈನ್ ಸುತ್ತ್ತಾರೆ? ಚಕ್ರ ಅಲ್ಲೇ ಸುತ್ತ್ತಾ ಇದೆ, ಮಣ್ಣನ್ನ ಹಿಂದಕ್ಕೆ ನೂಕೋಕೆ ಹಿಡಿತ ಸಿಕ್ತಿಲ್ಲ ಅಂತ. ಗಂಬೂಟಿನ ತಳ ತಿರುಗ್ಸಿ ಆ ಗೀರುಗಳನ್ನ ಮುಟ್ಟಿ ನೋಡೋಕೆ ಹೇಳಿ, ಸವೆದ ಹವಾಯಿ ಚಪ್ಪಲಿ ಪಕ್ಕ ಇಟ್ಟು ತೋರ್ಸಿ. ಮಳೆಗಾಲದಲ್ಲಿ ಮರದ ಬಾಗ್ಲು ನೀರು ಕುಡಿದು ಉಬ್ಬಿ ಚೌಕಟ್ಟಿಗೆ ಒತ್ಕೊಂಡು ತೆಗೆಯೋಕೇ ಬರಲ್ಲ, ಬೇಸಿಗೇಲಿ ಅದೇ ಬಾಗ್ಲು ಒಂದೇ ಬೆರಳಿಗೆ ತೆಗೆಯತ್ತೆ, ಇದು ಕೂಡ ಉಜ್ಜಾಟದ್ದೇ ಕಥೆ. ಕೇರಂ ಬೋರ್ಡ್ ಮೇಲೆ ಪೌಡರ್, ಗೇಟಿನ ಹಿಂಜ್‌ಗೆ ಎಣ್ಣೆ, ಚಳೀಲಿ ಅಂಗೈ ತಿಕ್ಕಿ ಬೆಚ್ಚಗೆ ಮಾಡ್ಕೊಳ್ಳೋದು, ಇವೆಲ್ಲ ಕೆಲಸದ ಮಧ್ಯೆ ಒಂದೊಂದು ಮಾತಲ್ಲಿ ಹೇಳಿ ಮುಂದೆ ಹೋಗಿ, ಪಾಠ ಅಂತ ಕೂರ್ಸಬೇಡಿ.

ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಕೆಸರು ಗದ್ದೆ ಕ್ರೀಡಾಕೂಟಕ್ಕೆ ಕರ್ಕೊಂಡು ಹೋದ್ರೆ ಹಗ್ಗ ಜಗ್ಗಾಟದ ಹತ್ರ ಅವಳನ್ನ ನಿಲ್ಸಿ, ಎಲ್ಲರೂ ಕೈ ನೋಡ್ತಾರೆ, ನೀವು ಕಾಲು ತೋರ್ಸಿ. ಹಗ್ಗ ಎರಡೂ ಟೀಮನ್ನ ಹೆಚ್ಚುಕಮ್ಮಿ ಒಂದೇ ಜೋರಲ್ಲಿ ಎಳೀತಿರತ್ತೆ, ಗೆಲ್ಲೋದು ಯಾರ ಹಿಮ್ಮಡಿ ಕೆಸರಲ್ಲಿ ಗಟ್ಟಿಯಾಗಿ ಊರಿದೆಯೋ ಅವ್ರು. ಮನೇಲಿ ಇದನ್ನ ಮಾಡ್ಬಹುದು: ಅಪ್ಪ ಸಾಕ್ಸ್ ಹಾಕ್ಕೊಂಡು ಟೈಲ್ಸ್ ಮೇಲೆ ಕುಕ್ಕರುಗಾಲಲ್ಲಿ ಕೂರ್ಲಿ, ಮಗಳು ಬರಿಗಾಲಲ್ಲಿ ಎದುರಿಗೆ ಹಾಗೇ ಕೂತು ಟವೆಲ್ ಹಿಡಿದು ಎಳೀಲಿ. ಅಪ್ಪ ಜಾರಿ ಬಂದ್ರೆ ‘ಅಪ್ಪಂಗಿಂತ ನಂಗೆ ಶಕ್ತಿ ಜಾಸ್ತಿ’ ಅಂತ ಅವಳು ಕುಣೀತಾಳೆ, ಕುಣೀಲಿ, ಆಮೇಲೆ ಅಪ್ಪ ಸಾಕ್ಸ್ ತೆಗೆದು ಬರಿಗಾಲಲ್ಲಿ ಕೂತು ಇನ್ನೊಂದ್ಸಲ ಆಡ್ಲಿ. ನಿಂತ್ಕೊಂಡು ಮಾತ್ರ ಆಡ್ಬೇಡಿ, ಹಿಂದಕ್ಕೆ ಬಿದ್ರೆ ತಲೆಗೆ ಏಟು.

ಮ್ಯಾಗ್ನೆಟ್ ಪೂರ್ತಿ ಬೇಡ ಅಂತ ನಾನು ಹೇಳಲ್ಲ, ಅದು ಬೇಕು, ಯಾಕಂದ್ರೆ ಮುಟ್ಟದೇ ನೂಕೋದು ಮುಟ್ಟದೇ ಎಳೆಯೋದು ಅಂತ ಒಂದಿದೆ ಅಂತ ಮಗು ಕೈಯಲ್ಲೇ ತಿಳ್ಕೊಳ್ಳೋ ಸುಲಭದ ದಾರಿ ಅದು. ಯಾವ ಮ್ಯಾಗ್ನೆಟ್ ಅನ್ನೋದು ಮುಖ್ಯ. ಹಳೇ ಸ್ಪೀಕರ್ ಒಳಗಿನ ಕಪ್ಪು ರಿಂಗ್, ಇಲ್ಲಾ ಅಂಗಡೀಲಿ ಸಿಗೋ ಫೆರೈಟ್ (ಅದೇ ಕಪ್ಪು ಜಾತಿ ಮ್ಯಾಗ್ನೆಟ್) ರಿಂಗ್, ಮಗುವಿನ ಬಾಯಲ್ಲಿ ಹಿಡಿಸದಷ್ಟು ದೊಡ್ಡದು. ಆಟಿಕೆ ಅಂತ ಕೊಳ್ಳೋದಾದ್ರೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಒಳಗೆ ಮ್ಯಾಗ್ನೆಟ್ ಇರೋ ಪ್ಲಾಸ್ಟಿಕ್ ಬ್ಲಾಕ್ ಆದ್ರೆ ಬಿರುಕು ಬಿಟ್ಟ ದಿನವೇ ಎಸೀಬೇಕು. ಫೆರೈಟ್ ಬಿದ್ರೆ ಚೂರಾಗತ್ತೆ, ಚೂರೂ ಎಸೀರಿ. ಮಗಳು ಮ್ಯಾಗ್ನೆಟ್ ಆಡೋದು ತಮ್ಮ ಮಲಗಿದಾಗ, ಆಟ ಮುಗಿದ್ಮೇಲೆ ಎಣಿಸಿ ಎತ್ತಿಡೋದು, ಎಣಿಸೋದು ಅವಳ ಕೆಲ್ಸ. ಫೋನು, ಎಟಿಎಂ ಕಾರ್ಡು ದೂರ ಇಡಿ.

ಮೊದಲ ಆಟ ಎರಡು ಬುಟ್ಟಿ. ಅಡುಗೆಮನೆ ಸಾಮಾನು ಒಂದೊಂದಾಗಿ ತಂದು ‘ಎಳ್ಕೊಳ್ಳತ್ತಾ ಇಲ್ವಾ’ ಅಂತ ಊಹೆ ಮಾಡಿ ಬುಟ್ಟಿಗೆ ಹಾಕೋದು, ಆಮೇಲೆ ಮ್ಯಾಗ್ನೆಟ್ ಹಿಡಿದು ನೋಡೋದು. ಇಲ್ಲಿ ನಾನೇ ಒಮ್ಮೆ ಮಕ್ಕಳಿಗೆ ತಪ್ಪು ಹೇಳಿದ್ದೆ, ಕೆಲಸಕ್ಕೆ ಸೇರಿದ ಹೊಸದ್ರಲ್ಲಿ ‘ಮ್ಯಾಗ್ನೆಟ್ ಲೋಹವನ್ನ ಎಳೆಯತ್ತೆ’ ಅಂತ ಬೋರ್ಡ್ ಮೇಲೆ ಬರೆದೆ, ಮಾರನೇ ದಿನ ಒಂದು ಹುಡುಗಿ ಮನೆಯಿಂದ ಅಲ್ಯೂಮಿನಿಯಂ ಪಾತ್ರೆ, ಹಿತ್ತಾಳೆ ದೀಪ ಎರಡೂ ತಂದು ‘ಇದು ಲೋಹ ಅಲ್ವಾ ಟೀಚರ್’ ಅಂತ ಮುಂದಿಟ್ಲು. ಅವತ್ತು ಬೋರ್ಡ್ ಒರೆಸಿ ಅವಳ ಕೈಲೇ ಸರಿ ಬರೆಸಿದೆ. ಎಳ್ಕೊಳ್ಳೋದು ಮುಖ್ಯವಾಗಿ ಕಬ್ಬಿಣ, ನಿಕಲ್, ಕೋಬಾಲ್ಟ್, ಇವು ಸೇರಿರೋ ಕೆಲವು ಮಿಶ್ರಣ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ, ಬೆಳ್ಳಿ, ಚಿನ್ನ ಇಲ್ಲ. ಸ್ಟೀಲ್ ಪಾತ್ರೆ ಎದುರು ದೊಡ್ಡೋರೂ ತಬ್ಬಿಬ್ಬಾಗ್ತಾರೆ, ಒಂದು ಲೋಟ ಎಳ್ಕೊಳ್ಳತ್ತೆ ಇನ್ನೊಂದು ಇಲ್ಲ. ನಿಕಲ್ ಜಾಸ್ತಿ ಹಾಕಿದ ಸ್ಟೇನ್‌ಲೆಸ್ ಸ್ಟೀಲಲ್ಲಿ ಒಳಗಿನ ಜೋಡಣೆನೇ ಬದಲಾಗಿ ಮ್ಯಾಗ್ನೆಟ್‌ಗೆ ಸ್ಪಂದಿಸಲ್ಲ, ಇಂಡಕ್ಷನ್ ಒಲೆಗೆ ಪಾತ್ರೆ ತಗೊಳ್ಳೋವಾಗ ತಳಕ್ಕೆ ಮ್ಯಾಗ್ನೆಟ್ ಇಟ್ಟು ನೋಡೋದು ಇದಕ್ಕೇ. ಮಗಳಿಗೆ ಇಷ್ಟೆಲ್ಲ ಬೇಡ, ‘ಎರಡೂ ಹೊಳೀತಾವೆ, ಒಂದನ್ನ ಮಾತ್ರ ಎಳ್ಕೊಳ್ತು, ಒಳಗಿನ ಸಾಮಾನು ಬೇರೆ ಇರ್ಬೇಕು’ ಅನ್ನೋವಷ್ಟು ಸಾಕು.

ಎರಡನೇದು, ಎರಡು ರಿಂಗ್‌ನ ಒಂದು ಪೆನ್ಸಿಲ್‌ಗೆ ಪೋಣಿಸೋದು. ಒಂದು ಬದಿಗೆ ಟಪ್ ಅಂತ ಸೇರತ್ತೆ, ತಿರುಗ್ಸಿ ಹಾಕಿದ್ರೆ ಮೇಲಿನದು ಗಾಳೀಲಿ ತೇಲತ್ತೆ, ಬೆರಳಲ್ಲಿ ಅದುಮಿದ್ರೆ ವಾಪಸ್ ನೂಕತ್ತೆ. ಕಬ್ಬಿಣದ ಜೊತೆ ಮ್ಯಾಗ್ನೆಟ್ ಬರೀ ಎಳೆಯತ್ತೆ, ಇನ್ನೊಂದು ಮ್ಯಾಗ್ನೆಟ್ ಸಿಕ್ಕಿದ್ರೆ ಮಾತ್ರ ನೂಕೋದೂ ಬರತ್ತೆ, ಇದು ಕೈಗೆ ಗೊತ್ತಾದ್ರೆ ಉತ್ತರ ದಕ್ಷಿಣ ಧ್ರುವದ ಹೆಸರು ಯಾವಾಗ ಬೇಕಾದ್ರೂ ಕಲೀಬಹುದು. ಮೂರನೇದು ತೋಡಿನ (ಸಣ್ಣ ಹಳ್ಳದ) ಮರಳು. ಮ್ಯಾಗ್ನೆಟ್‌ನ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಒಣ ಮರಳಲ್ಲಿ ಎಳೆದಾಡ್ಲಿ, ಸಾಮಾನ್ಯವಾಗಿ ಕಪ್ಪು ಪುಡಿ ಮೆತ್ಕೊಳ್ಳತ್ತೆ, ಅದು ಕಬ್ಬಿಣದ ಅದಿರಿನ ಕಣ. ಕವರ್ ಬಿಚ್ಚಿದ್ರೆ ಪುಡಿ ಉದುರತ್ತೆ, ಕವರ್ ಇಲ್ದೆ ಮಾಡಿದ್ರೆ ತೆಗೆಯೋಕಾಗ್ದೆ ಒದ್ದಾಡ್ತೀರಿ.

ಒಂದ್ವೇಳೆ ಯಾರಾದ್ರೂ ಬೆಳ್ಳುಳ್ಳಿ ಉಜ್ಜಿದ್ರೆ ಮ್ಯಾಗ್ನೆಟ್ ಶಕ್ತಿ ಹೋಗತ್ತೆ ಅಂದ್ರೆ ಮಗಳ ಕೈಲೇ ಉಜ್ಜಿಸಿ ನೋಡಿ. ನಾವಿಕರು ಶತಮಾನಗಟ್ಟಲೆ ನಂಬಿದ್ದ ಮಾತು ಅದು, ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ಮಾಡಿ ನೋಡಿ ಸುಳ್ಳು ಅಂತ ಬರೆದ, ಭೂಮಿನೇ ಒಂದು ದೊಡ್ಡ ಮ್ಯಾಗ್ನೆಟ್ ಅಂತ ಹೇಳಿದ್ದೂ ಅವನೇ. ಶಕ್ತಿ ನಿಜವಾಗಿ ಕಡಿಮೆಯಾಗೋದು ಚೆನ್ನಾಗಿ ಕಾಯಿಸಿದ್ರೆ, ಪದೇ ಪದೇ ಕುಟ್ಟಿದ್ರೆ. ಮ್ಯಾಗ್ನೆಟ್ ಒಳಗೆ ಏನಿದೆ ಅಂತ ಕೇಳಿದ್ರೆ, ಕಣ್ಣಿಗೆ ಕಾಣದಷ್ಟು ಪುಟ್ಟ ಪುಟ್ಟ ಮ್ಯಾಗ್ನೆಟ್‌ಗಳು ಪ್ರೇಯರ್‌ಗೆ ನಿಂತ ಮಕ್ಕಳ ಥರ ಒಂದೇ ಕಡೆ ಮುಖ ಮಾಡಿ ನಿಂತಿವೆ, ಕಾಯಿಸಿದ್ರೆ ಲೈನ್ ಕೆಡತ್ತೆ ಅಂತ ಹೇಳಿ, ಈ ವಯಸ್ಸಿಗೆ ಇದು ಸುಳ್ಳಲ್ಲದ ಉತ್ತರ.

ಕಿಟ್ ವಿಷ್ಯ. 3000 ರೂಪಾಯಿ ಕಿಟ್ ಕೆಟ್ಟದ್ದು ಅಂತಲ್ಲ, ಪುಸ್ತಕದಲ್ಲಿ ಬರೆದ ಹಾಗೆ ಮಾಡಿ ಒಂದೇ ದಿನಕ್ಕೆ ಮುಗಿಸ್ತಾರೆ, ಊಹೆ ಮಾಡೋಕೆ ಜಾಗ ಇರಲ್ಲ, ಮೇಲಿಂದ ಸಣ್ಣ ಬಿಡಿಭಾಗಗಳು ತಮ್ಮನ ಬಾಯಿಗೆ ಹೋಗೋ ಅಪಾಯ. ಎಂಟು ವರ್ಷದ ಮೇಲೆ ಯೋಚ್ನೆ ಮಾಡಿ. ವಿಡಿಯೋ ತೋರ್ಸೋದು ಸುಲಭ, ಆದ್ರೆ ಅಲ್ಲಿ ತೋಳಿಗೆ ಭಾರ ಗೊತ್ತಾಗಲ್ಲ, ಮ್ಯಾಗ್ನೆಟ್ ವಿಡಿಯೋಗಳಲ್ಲಿ ಅರ್ಧ ಜಾದೂ ಥರ ಇರತ್ತೆ. ಮನೆ ಸಾಮಾನಲ್ಲೇ ಮಾಡೋದ್ರಲ್ಲಿ ಇರೋ ಕಷ್ಟ ಒಂದೇ, ನಿಮ್ಮ ಟೈಮು. ಕಾಫಿ ಕೊಯ್ಲಿನ ಹೊತ್ತಲ್ಲಿ ಅದು ಸಿಗಲ್ಲ ಅಂತ ಗೊತ್ತು, ಸಿಕ್ಕಿದಷ್ಟು ಮಾಡಿ, ವಾರಕ್ಕೊಂದು ಆಟ ಆದ್ರೂ ತುಂಬಾ ಆಯ್ತು. ಆರ್ಟ್ಸ್ ಓದಿದ್ದಕ್ಕೆ ಹೆದರ್ಬೇಡಿ. ಗೊತ್ತಿಲ್ದೇ ಇದ್ದಾಗ ‘ನಂಗೂ ಗೊತ್ತಿಲ್ಲ, ಮಾಡಿ ನೋಡೋಣ’ ಅನ್ನೋಕೆ ಬಂದ್ರೆ ಸಾಕು, ಸೈನ್ಸ್ ಓದಿದ ಅಪ್ಪ ಅಮ್ಮಂದಿರು ಅಷ್ಟೊತ್ತಿಗೆ ಡೆಫಿನಿಷನ್ ಹೇಳಿ ಮಗುವಿನ ಬಾಯಿ ಮುಚ್ಚಿಸಿರ್ತಾರೆ.

ಚಿಕ್ಕವನ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಎರಡೂವರೆ ವರ್ಷಕ್ಕೆ ನೂಕೋದು ಎಳೆಯೋದೇ ಪೂರ್ತಿ ಸಿಲಬಸ್. ಪ್ಲಾಸ್ಟಿಕ್ ಸ್ಟೂಲ್ ನೂಕ್ಕೊಂಡು ಮನೆಯೆಲ್ಲಾ ಸುತ್ತ್ತಾ ಇದ್ರೆ ಬಿಟ್ಬಿಡಿ, ಮೆಟ್ಲ ಹತ್ರ ಮಾತ್ರ ಅಡ್ಡ ಏನಾದ್ರೂ ಇಡಿ. ಕರಕರ ಸದ್ದು ತಡೆಯೋಕಾಗ್ದಿದ್ರೆ ಸ್ಟೂಲಿನ ನಾಲ್ಕೂ ಕಾಲಿಗೆ ಹಳೇ ಸಾಕ್ಸ್ ಹಾಕಿ, ಆಮೇಲೆ ಅಕ್ಕನ್ನ ಕರೆದು ಕೇಳಿ, ತಮ್ಮನ ಸ್ಟೂಲು ಇವತ್ತು ಯಾಕೆ ಇಷ್ಟು ಸಲೀಸಾಗಿ ಹೋಗ್ತಿದೆ ಅಂತ.